ಫ್ಯಾಂಟಸಿ ಕಾದಂಬರಿ ಸರಣಿಯಲ್ಲಿ ಪಾತ್ರಗಳನ್ನೂ ಧರ್ಮಸಂಕಟವನ್ನೂ ಕಟ್ಟುವ ಬಗೆ

ಬೆಂಗಳೂರಿನಲ್ಲಿ ಕುಳಿತು ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟವರ ಹಸ್ತಪ್ರತಿಗಳನ್ನು ಓದುವ ಅವಕಾಶ ನನಗೆ ಆಗಾಗ ಸಿಗುತ್ತದೆ. ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಬರೆಯುವ ಈ ತರುಣ ತರುಣಿಯರ ಶ್ರದ್ಧೆ ದೊಡ್ಡದು. ಅವರ ಬಳಿ ಭೂಪಟ ಇರುತ್ತದೆ, ಐದಾರು ತಲೆಮಾರುಗಳ ವಂಶಾವಳಿ ಇರುತ್ತದೆ, ಕತ್ತಿಗೂ ಕುದುರೆಗೂ ಹೆಸರಿರುತ್ತದೆ. ಆದರೆ ನೂರು ಪುಟ ದಾಟಿದರೂ ನಾಯಕ ಒಂದು ಸಲವೂ ತಡವರಿಸುವುದಿಲ್ಲ. ಕೆಟ್ಟವನು ಯಾರೆಂದು ಅವನಿಗೆ ಮೊದಲ ದಿನವೇ ಗೊತ್ತು. ಉಳಿದಿರುವುದು ಅವನನ್ನು ಕೊಲ್ಲುವ ಅಸ್ತ್ರವನ್ನು ಹುಡುಕುವ ಕೆಲಸ ಮಾತ್ರ. ಅಂಥ ಕಥೆ ಒಂದು ಪುಸ್ತಕಕ್ಕೆ ಸಾಕಾದೀತು, ಐದು ಸಂಪುಟಗಳಿಗೆ ಸಾಲದು.

ಓದುಗ ಮೂರನೆಯ ಸಂಪುಟವನ್ನು ಹುಡುಕಿಕೊಂಡು ಬರುವಂತೆ ಮಾಡುವುದು ಯುದ್ಧವೂ ಅಲ್ಲ, ಮಾಯಾವಿದ್ಯೆಯೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಾನು ಮಾಡಲೇಬೇಕಾದ ಎರಡು ಕೆಲಸಗಳ ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡು, ಒಂದನ್ನು ಮಾಡಿ, ಬಿಟ್ಟುಬಿಟ್ಟ ಇನ್ನೊಂದಕ್ಕೆ ಮುಂದೆ ಏನು ತೆರುತ್ತಾನೆ ಎಂಬ ಕುತೂಹಲಕ್ಕಾಗಿ ಆತ ಬರುತ್ತಾನೆ. ಅದನ್ನು ಕಟ್ಟುವುದು ಹೇಗೆಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪಾತ್ರದ ಋಣಗಳನ್ನು ಬರೆದುಕೊಳ್ಳಿ

ಪಾತ್ರದ ಕಣ್ಣಿನ ಬಣ್ಣ, ಎತ್ತರ, ಪ್ರಿಯವಾದ ಆಯುಧ ಇವನ್ನೆಲ್ಲ ಸದ್ಯಕ್ಕೆ ಬದಿಗಿಡಿ. ಒಂದು ಹಾಳೆಯ ಮೇಲೆ ಪಾತ್ರದ ಹೆಸರು ಬರೆದು, ಅದರ ಕೆಳಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇವಳು ಯಾರ ಅನ್ನ ಉಂಡಿದ್ದಾಳೆ? ಯಾರಿಗೆ ಮಾತು ಕೊಟ್ಟಿದ್ದಾಳೆ? ಯಾರು ಇವಳನ್ನು ನಂಬಿ ಬದುಕಿದ್ದಾರೆ? ಮೂರಕ್ಕೂ ಒಂದೇ ಉತ್ತರ ಬಂದರೆ ಆ ಪಾತ್ರದಿಂದ ಕಥೆ ಹುಟ್ಟುವುದಿಲ್ಲ. ಮೂರೂ ಬೇರೆ ಬೇರೆ ಕಡೆಗೆ ಎಳೆಯುತ್ತಿದ್ದರೆ ನಿಮ್ಮ ಸರಣಿ ಅಲ್ಲಿಯೇ ಆರಂಭವಾಗಿದೆ.

ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಹಳೆಯ ಕನ್ನಡನಾಡಿನಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ಕಟ್ಟುಗಳಿದ್ದವು. ಒಡೆಯನ ಅನ್ನ ಉಂಡ ಋಣವನ್ನು ಕಾಳಗದಲ್ಲಿ ತೀರಿಸುವುದು ಜೋಳವಾಳಿ. ಒಡೆಯನಿಗೆ ಸಾವಿನ ಹೊತ್ತು ಬಂದಾಗ ತಾನೂ ಪ್ರಾಣ ಕೊಡುವ ಪ್ರತಿಜ್ಞೆ ವೇಳೆವಾಳಿ. ಕರ್ಣನ ಕಥೆ ಇಂದಿಗೂ ಎದೆಗೆ ತಟ್ಟುವುದು ಇಂಥ ಋಣದಿಂದಲೇ. ತಾನು ಕುಂತಿಯ ಮಗ, ಎದುರು ಪಾಳೆಯದಲ್ಲಿರುವವರು ತಮ್ಮಂದಿರು ಎಂದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಹೋದರೂ ಒಂದು ಧರ್ಮ, ಉಳಿದರೂ ಒಂದು ಧರ್ಮ. ಕ್ರಿ.ಶ. 941ರ ಹೊತ್ತಿಗೆ ಪಂಪ ತನ್ನ ಭಾರತವನ್ನು ಬರೆದಾಗ ಅರ್ಜುನನನ್ನು ನಾಯಕನಾಗಿ ಇಟ್ಟುಕೊಂಡನು, ಆದರೂ ಅವನ ಕರ್ಣನನ್ನೇ ಓದುಗರು ಸಾವಿರ ವರ್ಷಗಳಿಂದ ನೆನೆಯುತ್ತಿದ್ದಾರೆ. ಫ್ಯಾಂಟಸಿ ಬರೆಯುವವರು ಇದನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

ನಿಮ್ಮ ಕಾಲ್ಪನಿಕ ಲೋಕಕ್ಕೂ ಇಂಥ ಒಂದು ಕಟ್ಟು ಬೇಕು. ಅಲ್ಲಿ ಜನ ಏನನ್ನು ಮುರಿಯಲಾರದ ಮಾತೆಂದು ತಿಳಿಯುತ್ತಾರೆ, ಮುರಿದವರನ್ನು ಹೇಗೆ ಕಾಣುತ್ತಾರೆ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿ. ರಾಜ್ಯಗಳ ಗಡಿಗಿಂತ ಇದು ಮುಖ್ಯ.

ಎರಡನೆಯ ಹೆಜ್ಜೆ: ಎರಡು ಸರಿಗಳನ್ನು ಎದುರುಬದುರು ನಿಲ್ಲಿಸಿ

ಒಂದು ಉದಾಹರಣೆಯನ್ನು ಕಟ್ಟಿಕೊಂಡೇ ಮುಂದೆ ಹೋಗೋಣ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಹಾಗಾಗಿಯೇ ಇಲ್ಲಿನವರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಹರಿಯುತ್ತದೆ. ಮೇಲಿನವರ ನಡೆ ಕೆಳಗಿನವರ ಹಣೆಬರಹವಾಗುವ ಇಂಥ ಭೂಗೋಳ ಧರ್ಮಸಂಕಟಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಲೇಖಕರು ಇದನ್ನು ಬಿಟ್ಟು ಹಿಮದ ಕೋಟೆಗಳನ್ನು ಕಟ್ಟಲು ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಲುಗೆರೆ ಎಂಬ ಒಂದು ಕಾಲ್ಪನಿಕ ಕೆರೆ. ಅದರ ಏರಿಯೊಳಗೆ ಒಂದು ದೈವ ನೆಲೆಸಿದೆ, ಅದು ಎಚ್ಚರವಾಗಿದ್ದಷ್ಟು ದಿನ ಏರಿ ಒಡೆಯುವುದಿಲ್ಲ. ಕೆರೆಯ ತೂಬು ಎತ್ತುವ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವ ಹೊಣೆ ನೀರುಗಂಟಿಯದು. ತಂದೆಗೆ ಕಣ್ಣು ಹೋದ ಮೇಲೆ ಆ ಕೆಲಸ ಮಗಳು ಮಾಳಮ್ಮನಿಗೆ ಬಂದಿದೆ. ಅವಳ ಋಣಗಳನ್ನು ಬರೆಯೋಣ. ಬರಗಾಲದಲ್ಲಿ ಅವಳ ಮನೆಗೆ ರಾಗಿ ಅಳೆದು ಕೊಟ್ಟವನು ಪಾಳೆಯಗಾರ ಬೈಚಣ್ಣ. ಕೆಳಗಿನೂರಿನ ಪಂಚರ ಒಪ್ಪಿಗೆಯಿಲ್ಲದೆ ಕೋಡಿಯ ಕಲ್ಲು ಕೀಳುವುದಿಲ್ಲ ಎಂದು ದೈವದ ಮುಂದೆ ಪ್ರಮಾಣ ಮಾಡಿದವನು ಅವಳ ತಂದೆ, ಆ ಪ್ರಮಾಣ ಈಗ ಅವಳದು. ತಂಗಿ ಹೊನ್ನಿಯನ್ನು ಕೊಟ್ಟಿರುವುದು ಕೆಳಗಿನೂರಿಗೆ.

ಒಂದು ರಾತ್ರಿ ದೈವ ಎಚ್ಚರ ತಪ್ಪುತ್ತದೆ. ಮಳೆ ನಿಲ್ಲುವುದಿಲ್ಲ. ಕೋಡಿಯ ಕಲ್ಲು ಕಿತ್ತರೆ ನೀರು ಕೆಳಗಿನೂರನ್ನು ಕೊಚ್ಚಿಕೊಂಡು ಹೋಗುತ್ತದೆ. ಕೀಳದಿದ್ದರೆ ಏರಿ ಒಡೆದು, ಅದರ ಮಗ್ಗುಲಿಗಿರುವ ಪೇಟೆಯೇ ಮುಳುಗುತ್ತದೆ. ಪೇಟೆಯಲ್ಲಿ ನಾಲ್ಕು ಸಾವಿರ ಜನ, ಕೆಳಗಿನೂರಿನಲ್ಲಿ ಮುನ್ನೂರು. ಬೈಚಣ್ಣ ಆಳುಗಳ ಕೈಯಲ್ಲಿ ಹಾರೆ ಕೊಟ್ಟು ಕಳುಹಿಸುತ್ತಾನೆ. ಕಲ್ಲು ಕೀಳುವ ಮಂತ್ರ ಗೊತ್ತಿರುವುದು ಮಾಳಮ್ಮನಿಗೆ ಮಾತ್ರ.

ಇಲ್ಲಿ ಬಹಳಷ್ಟು ಜನ ಒಂದು ಸುಲಭದ ದಾರಿ ಹಿಡಿಯುತ್ತಾರೆ. ಬೈಚಣ್ಣ ದುಷ್ಟ, ಕೆಳಗಿನೂರಿನ ಭೂಮಿ ಕಬಳಿಸಲು ಇಷ್ಟೆಲ್ಲ ಹೂಡಿದ್ದಾನೆ ಎಂದು ಹನ್ನೆರಡನೆಯ ಅಧ್ಯಾಯದಲ್ಲಿ ಬಯಲಾಗುತ್ತದೆ. ಅಲ್ಲಿಗೆ ಮಾಳಮ್ಮನ ಸಂಕಟ ಮುಗಿಯಿತು, ನಿಮ್ಮ ಕಾದಂಬರಿಯೂ ಮುಗಿಯಿತು. ಬೈಚಣ್ಣನ ಲೆಕ್ಕ ನಿಜವಾಗಿಯೂ ಸರಿಯಾಗಿರಬೇಕು. ಮಾಳಮ್ಮನ ಪ್ರಮಾಣವೂ ನಿಜವಾಗಿಯೂ ದೊಡ್ಡದಾಗಿರಬೇಕು. ಮೂರನೆಯ ದಾರಿಯೊಂದು ಕೊನೆಯ ಗಳಿಗೆಯಲ್ಲಿ ತೆರೆದುಕೊಳ್ಳಬಾರದು. ಅವಳು ಏನೇ ಮಾಡಿದರೂ ಬೆಳಗ್ಗೆ ಯಾರದೋ ಮನೆಯ ಮುಂದೆ ಹೆಣ ಇರುತ್ತದೆ. ಇದನ್ನು ಬರೆಯುವುದು ಕಷ್ಟ. ತಾನು ಪ್ರೀತಿಸುವ ಪಾತ್ರವನ್ನು ಲೇಖಕರು ರಕ್ಷಿಸಲು ಹೋಗುವುದು ಸಹಜ. ರಕ್ಷಿಸಬೇಡಿ. ಅವಳು ಆರಿಸಲಿ, ಆರಿಸಿದ್ದು ಅವಳದೇ ಆಗಿರಲಿ.

ನಿಮ್ಮ ಸಂಕಟ ಗಟ್ಟಿಯಾಗಿದೆಯೇ ಎಂದು ತಿಳಿಯಲು ಹೀಗೆ ಮಾಡಿ. ಮಾಳಮ್ಮ ಕಲ್ಲು ಕೀಳುವ ದೃಶ್ಯವನ್ನು ಒಂದು ಪುಟ ಬರೆಯಿರಿ. ಮರುದಿನ ಅವಳು ಕೀಳದೆ ಉಳಿಯುವ ದೃಶ್ಯವನ್ನು ಒಂದು ಪುಟ ಬರೆಯಿರಿ. ಎರಡೂ ಪುಟಗಳು ನಂಬುವಂತಿದ್ದರೆ ಮುಂದುವರಿಯಿರಿ. ಒಂದು ಪುಟ ಸಲೀಸಾಗಿ ಬಂದು ಇನ್ನೊಂದು ಒತ್ತಾಯದಿಂದ ಬರೆದಂತಿದ್ದರೆ ಋಣಗಳ ಪಟ್ಟಿಗೆ ಮರಳಿ, ಸೋತ ಕಡೆಗೆ ಇನ್ನಷ್ಟು ಭಾರ ಸೇರಿಸಿ.

ಮೂರನೆಯ ಹೆಜ್ಜೆ: ಎದುರಾಳಿಯಿಂದ ಅರ್ಥ ಹೇಳಿಸಿ

ಯಕ್ಷಗಾನ ತಾಳಮದ್ದಳೆಯ ಕೂಟವನ್ನು ನೀವು ಒಮ್ಮೆಯಾದರೂ ಕುಳಿತು ಕೇಳಬೇಕು. ಕರಾವಳಿ, ಮಲೆನಾಡಿನ ಈ ಕಲೆಯ ಕೂಟಗಳು ಬೆಂಗಳೂರಿನಲ್ಲಿಯೂ ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ದುರ್ಯೋಧನನ ಅರ್ಥ ಹೇಳುವವರು ದುರ್ಯೋಧನ ತಪ್ಪಿತಸ್ಥ ಎಂಬ ಎಣಿಕೆಯಿಂದ ಬಾಯಿ ತೆರೆಯುವುದಿಲ್ಲ. ಕೃಷ್ಣನ ಅರ್ಥಧಾರಿ ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಅವರ ಪ್ರತಿ ಮಾತಿಗೂ ಕೌರವನ ಪಕ್ಷದಿಂದ ಮರುಮಾತು ಬರುತ್ತದೆ. ಕೇಳುತ್ತಿರುವ ಸಭೆ ಒಂದು ಹಂತದಲ್ಲಿ ತಾನು ಯಾರ ಕಡೆ ಎಂಬುದನ್ನೇ ಮರೆಯುತ್ತದೆ.

ಇದನ್ನೇ ನಿಮ್ಮ ಹಸ್ತಪ್ರತಿಗೆ ಅನ್ವಯಿಸಿ. ಮಾತಿನಲ್ಲಿ ಗಟ್ಟಿಗರಾದ ಗೆಳೆಯರೊಬ್ಬರನ್ನು ಮನೆಗೆ ಕರೆಯಿರಿ. ಕಥೆಯ ಸನ್ನಿವೇಶವನ್ನು ಹೇಳಿ, ಬೈಚಣ್ಣನ ಪಾತ್ರವನ್ನು ಅವರಿಗೆ ಕೊಡಿ. ನೀವು ಮಾಳಮ್ಮನಾಗಿ. ಎರಡು ನಿಯಮಗಳಿರಲಿ: ಯಾರೂ ಬೆದರಿಸುವಂತಿಲ್ಲ, ಯಾರೂ ಸುಳ್ಳು ಹೇಳುವಂತಿಲ್ಲ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಕಾಲು ಗಂಟೆಯೊಳಗೆ, ಮೇಜಿನ ಮುಂದೆ ಒಂಟಿಯಾಗಿ ಕುಳಿತಾಗ ಹೊಳೆಯದ ವಾದವೊಂದು ಗೆಳೆಯರ ಬಾಯಿಂದ ಬರುವುದು ಖಂಡಿತ. "ನಿನ್ನ ಅಪ್ಪ ಪ್ರಮಾಣ ಮಾಡಿದಾಗ ಈ ಪೇಟೆಯಲ್ಲಿ ನೂರು ಮನೆ ಇದ್ದವು, ಮಾಳಮ್ಮ. ಸತ್ತ ಲೆಕ್ಕವನ್ನು ಹಿಡಿದುಕೊಂಡು ಬದುಕಿರುವವರನ್ನು ಕೊಲ್ಲುತ್ತೀಯಾ?" ಇಂಥ ಮಾತು ಬಂದರೆ ಹಾಗೆಯೇ ಬರೆದುಕೊಳ್ಳಿ. ಉತ್ತರ ಸಿಗದೆ ನೀವು ಸುಮ್ಮನಾದ ಜಾಗವನ್ನೂ ಗುರುತು ಹಾಕಿಕೊಳ್ಳಿ. ಮಾಳಮ್ಮನೂ ಅಲ್ಲಿಯೇ ಸುಮ್ಮನಾಗಬೇಕು.

ಎದುರಾಳಿಗೆ ವಾದವಿದ್ದರಷ್ಟೇ ಸಾಲದು, ಮನಸ್ಸೂ ಬೇಕು. ಹತ್ತನೆಯ ಶತಮಾನದ ಕೊನೆಯ ಭಾಗದ ರನ್ನ ಇದಕ್ಕೆ ದೊಡ್ಡ ಗುರು. ಅವನ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವಾಗ ತನ್ನವರಿಗಾಗಿ ಅಳುವುದು ಸರಿಯೇ, ಶತ್ರುಪಕ್ಷದ ಹುಡುಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಸಾಹಸವನ್ನೂ ಕೊಂಡಾಡುತ್ತಾನೆ. ಆ ಹುಡುಗನನ್ನು ಸುತ್ತುವರಿದು ಕೊಂದದ್ದು ಅವನದೇ ಸೇನೆ. ನಿಮ್ಮ ಎದುರಾಳಿಗೂ ಇಂಥ ಒಂದು ಕ್ಷಣ ಕೊಡಿ: ತಾನು ಮಾಡಿದ್ದರ ಮುಂದೆ ಅವನು ಒಬ್ಬನೇ ನಿಲ್ಲುವ, ಯಾರಿಗೂ ಸಮಜಾಯಿಷಿ ಹೇಳದ ಕ್ಷಣ. ಅವನನ್ನು ಕ್ಷಮಿಸುವುದೋ ಬಿಡುವುದೋ ಓದುಗರಿಗೆ ಬಿಟ್ಟದ್ದು.

ನಾಲ್ಕನೆಯ ಹೆಜ್ಜೆ: ಮಂತ್ರಕ್ಕೆ ಎಲ್ಲೆ ಹಾಕಿ

ಮಂತ್ರದಿಂದ ಕೋಡಿಯ ಕಲ್ಲನ್ನು ಕೀಳಬಹುದು. ಆದರೆ ಕೀಳಬೇಕೇ ಬೇಡವೇ ಎಂಬುದನ್ನು ಮಂತ್ರ ಹೇಳಬಾರದು. ದೈವವೇ ಕಾಣಿಸಿಕೊಂಡು ಅಪ್ಪಣೆ ಕೊಟ್ಟರೆ ಮಾಳಮ್ಮ ಬರಿಯ ಕೈಯಾಳು. ಭವಿಷ್ಯವಾಣಿಯ ವಿಷಯವೂ ಇಷ್ಟೇ. ಹುಟ್ಟಿದಾಗಲೇ ವಿಧಿ ಆರಿಸಿಟ್ಟ ನಾಯಕನಿಗೆ ತಪ್ಪು ಮಾಡುವ ಸ್ವಾತಂತ್ರ್ಯವೇ ಇರುವುದಿಲ್ಲ.

ಶಾಪವನ್ನು ಬಳಸುವುದಾದರೆ ಅದು ಪಾತ್ರದ ಕೃತ್ಯದಿಂದಲೇ ಹುಟ್ಟಲಿ. ಕರ್ಣನಿಗೆ ಪರಶುರಾಮರ ಶಾಪ ಬಂದದ್ದು ಕುಲವನ್ನು ಮರೆಮಾಚಿ ವಿದ್ಯೆ ಕಲಿತದ್ದಕ್ಕಾಗಿ. ಆದರೆ ಮರೆಮಾಚದಿದ್ದರೆ ಅವನಿಗೆ ಆ ವಿದ್ಯೆಯೇ ಸಿಗುತ್ತಿರಲಿಲ್ಲ. ತಪ್ಪು ಯಾರದು ಎಂದು ಕೇಳಿದರೆ ಬೆರಳು ಅವನ ಕಡೆಗೂ ತೋರುತ್ತದೆ, ಅವನನ್ನು ಹಾಗೆ ಮಾಡಿಸಿದ ಲೋಕದ ಕಡೆಗೂ ತೋರುತ್ತದೆ.

ಐದನೆಯ ಹೆಜ್ಜೆ: ಊರಿನ ಕಲ್ಲುಗಳನ್ನು ಓದಿ

ಬೆಂಗಳೂರಿನಲ್ಲಿರುವ ಲೇಖಕರಿಗೆ ಇದೊಂದು ಭಾಗ್ಯ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಸುಮಾರು ಒಂಬತ್ತನೆಯ ಶತಮಾನದ ಕೊನೆಯದೆನ್ನುವ ಶಾಸನವೊಂದು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ನೆನೆಯುತ್ತದೆ. ಈ ಊರಿನ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಜೊತೆಗೆ. ಸುತ್ತಮುತ್ತಲ ಹಳ್ಳಿಗಳಲ್ಲಿ, ಈಗ ಬಡಾವಣೆಗಳಾಗಿರುವ ಕಡೆಗಳಲ್ಲಿಯೂ ವೀರಗಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಒಂದು ಭಾನುವಾರ ಅಂಥ ಕಲ್ಲಿನ ಮುಂದೆ ಕುಳಿತು, ಅಲ್ಲಿ ಕೆತ್ತದೆ ಬಿಟ್ಟ ನಾಲ್ಕನೆಯ ಹಂತವನ್ನು ಬರೆಯಿರಿ. ತುರು ಕಾಯಲು ಹೋಗಿ ಅವನು ಸತ್ತ. ಮನೆಯಲ್ಲಿ ಯಾರಿದ್ದರು? ಹೋಗಬೇಡ ಎಂದವರು ಯಾರು? ಅದೇ ಕಾಳಗದಿಂದ ಓಡಿಬಂದು ಬದುಕಿದವನು ಆ ಕಲ್ಲನ್ನು ದಿನವೂ ಹೇಗೆ ದಾಟಿ ಹೋಗುತ್ತಿದ್ದ? ಓಡಿಬಂದವನಿಂದಲೇ ಒಂದು ಸಂಪುಟ ಹುಟ್ಟಬಹುದು.

ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲಿ ಬೆಂಗಳೂರು ಜಿಲ್ಲೆಯದು ಒಂಬತ್ತನೆಯದು, 1905ರಲ್ಲಿ ಪ್ರಕಟವಾಯಿತು. ನೃಪತುಂಗ ರಸ್ತೆಯಲ್ಲಿರುವ, 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಪಾತ್ರಗಳ ಹೆಸರು, ಹುದ್ದೆ, ದಾನ, ದಂಡನೆ ಎಲ್ಲಕ್ಕೂ ಶಾಸನಗಳಲ್ಲಿ ಅಚ್ಚಕನ್ನಡದ ಮಾದರಿಗಳಿವೆ.

ಐತಿಹ್ಯಗಳನ್ನು ಓದುವಾಗ ಇನ್ನೂ ಒಂದು ಎಚ್ಚರ ಬೇಕು. ಕೆಂಪೇಗೌಡರ ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿಕೊಟ್ಟುಕೊಂಡಳು ಎಂಬ ಕಥೆ ನಮಗೆಲ್ಲ ಗೊತ್ತು. ಕೋರಮಂಗಲದಲ್ಲಿ ಅವಳ ಗುಡಿ ಇದೆ. ಇಂಥ ಕಥೆಯನ್ನು ಫ್ಯಾಂಟಸಿಗೆ ತರುವವರು ತ್ಯಾಗವನ್ನು ಹಾಡಿ ಹೊಗಳಿ ಮುಗಿಸಿಬಿಡುತ್ತಾರೆ. ಕಥೆ ಬರೆಯುವವರು ಕೇಳಬೇಕಾದದ್ದು ಬೇರೆ. ಬಲಿ ಬೇಕು ಎಂಬ ಮಾತು ಮನೆಯೊಳಗೆ ಬಂದಾಗ ಯಾರು ಯಾರ ಮುಖ ನೋಡಿದರು? ಬಾಗಿಲು ನಿಂತ ಮರುದಿನ ಅದರೊಳಗಿಂದ ಮೊದಲು ನಡೆದವರಿಗೆ ಏನನ್ನಿಸಿತು? ಧರ್ಮಸಂಕಟ ಸತ್ತವಳದಷ್ಟೇ ಅಲ್ಲ. ಸುಮ್ಮನಿದ್ದು ಉಳಿದುಕೊಂಡವರದೂ ಹೌದು, ಮತ್ತು ಸರಣಿಯ ಉದ್ದಕ್ಕೂ ಬದುಕಿರಬೇಕಾದವರು ಅವರೇ.

ಕೆರೆಯ ವಿಷಯ ಬಂದ ಮೇಲೆ ಇದನ್ನೂ ಹೇಳಲೇಬೇಕು. ನಿಮ್ಮ ಕಾಲ್ಪನಿಕ ಊರಿನಲ್ಲಿ ಗುಡಿ ಇದೆ, ಕೋಟೆ ಇದೆ, ಕೆರೆ ಇದೆ. ಕೆರೆ ತೋಡಿದವರ ಕೇರಿ ಎಲ್ಲಿದೆ? ಅವರು ಆ ಕೆರೆಯ ನೀರು ಮುಟ್ಟಬಹುದೇ? ನಮ್ಮ ನೆಲದ ಚೆಲುವನ್ನೆಲ್ಲ ತೆಗೆದುಕೊಂಡು ನಮ್ಮ ನೆಲದ ಅನ್ಯಾಯವನ್ನು ಬಿಟ್ಟುಬಂದ ಲೋಕವನ್ನು ನಾನು ನಂಬಲಾರೆ. ಮಾಳಮ್ಮ ಎಷ್ಟೇ ಪ್ರಾಮಾಣಿಕಳಾಗಿರಲಿ, ಅವಳು ಹಂಚುವ ನೀರಿನಲ್ಲಿ ಯಾರಿಗೆ ಪಾಲೇ ಇಲ್ಲ ಎಂಬ ಪ್ರಶ್ನೆಯನ್ನು ಯಾರಾದರೂ ಅವಳ ಮುಖಕ್ಕೆ ಹಿಡಿದು ಕೇಳಬೇಕು. ಎರಡನೆಯ ಸಂಪುಟದ ಮುಖ್ಯ ಪಾತ್ರ ಅವರೇ ಆಗಲಿ.

ಆರನೆಯ ಹೆಜ್ಜೆ: ಸಂಪುಟದಿಂದ ಸಂಪುಟಕ್ಕೆ ಬಾಕಿ ಸಾಗಿಸಿ

ಸರಣಿ ಎಂದರೆ ಮೊದಲ ಸಂಪುಟದ ನಿರ್ಧಾರವನ್ನು ಯಾರೂ ಮರೆಯದ ಕಥೆ. ಇದಕ್ಕಾಗಿ ಒಂದು ಉದ್ದನೆಯ ಖಾತೆ ಪುಸ್ತಕ ಇಟ್ಟುಕೊಳ್ಳಿ. ಯಾರು ನಿರ್ಧರಿಸಿದರು, ಏನು ಮಾಡಿದರು, ಅದರ ನಷ್ಟ ಯಾರಿಗೆ, ಆ ನಷ್ಟ ಯಾವ ಸಂಪುಟದಲ್ಲಿ ಯಾವ ರೂಪದಲ್ಲಿ ಬಾಗಿಲು ತಟ್ಟುತ್ತದೆ ಎಂದು ನಾಲ್ಕು ಅಂಕಣ ಸಾಕು.

ಮಾಳಮ್ಮ ಕಲ್ಲು ಕಿತ್ತಳು ಎಂದಿಟ್ಟುಕೊಳ್ಳೋಣ. ಪೇಟೆ ಅವಳನ್ನು ಪೂಜಿಸುತ್ತದೆ. ಹೊನ್ನಿಯ ಗಂಡ ಸತ್ತಿದ್ದಾನೆ, ಹೊನ್ನಿ ಬದುಕಿದ್ದಾಳೆ. ಎರಡನೆಯ ಸಂಪುಟದಲ್ಲಿ ಕೆಳಗಿನೂರಿನಿಂದ ಗುಳೆ ಬಂದವರು ಪೇಟೆಯ ಬಾಗಿಲಲ್ಲಿ ನಿಂತು ಬಿಡಾರ ಕೇಳುತ್ತಾರೆ. ಪೇಟೆ ಒಪ್ಪುವುದಿಲ್ಲ. ಮೂರನೆಯದರಲ್ಲಿ, ಪ್ರಮಾಣ ಮುರಿದವಳ ಮಂತ್ರಕ್ಕೆ ದೈವ ಓಗೊಡುವುದನ್ನು ನಿಲ್ಲಿಸುತ್ತದೆ, ಆ ಮಂತ್ರ ಈಗ ಹೊನ್ನಿಯ ಮಗಳ ನಾಲಿಗೆಗೆ ಬಂದಿದೆ. ಹುಡುಗಿಗೆ ಇನ್ನೂ ಯಾರೂ ನಿಜ ಹೇಳಿಲ್ಲ. ಮೊದಲ ಸಂಪುಟದಲ್ಲಿ ಮಾಳಮ್ಮ ನಿಂತಿದ್ದ ಅದೇ ಕೋಡಿಯ ಮೇಲೆ ಅವಳು ನಿಲ್ಲುವ ಹೊತ್ತಿಗೆ, ಓದುಗರಿಗೆ ಮಾತ್ರ ಗೊತ್ತಿರುವ ಸಂಗತಿಗಳ ಭಾರವೇ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ.

ಪ್ರತಿ ಸಂಪುಟದಲ್ಲಿ ಹಿಂದಕ್ಕೆ ತೆಗೆದುಕೊಳ್ಳಲಾಗದ ನಿರ್ಧಾರ ಒಂದೇ ಇದ್ದರೆ ಸಾಕು. ಹೆಚ್ಚು ತುಂಬಿದರೆ ಯಾವುದೂ ನಾಟುವುದಿಲ್ಲ. ಸತ್ತವರನ್ನು ಮಾಯೆಯಿಂದ ಎಬ್ಬಿಸಬೇಡಿ. ಕಥೆ ಹೇಳುವ ಕಣ್ಣುಗಳೂ ಮೊದಲ ಸಂಪುಟದಲ್ಲಿ ಮೂರಕ್ಕಿಂತ ಹೆಚ್ಚು ಬೇಡ.

ಏಳನೆಯ ಹೆಜ್ಜೆ: ಮಾತಿನಲ್ಲಿ ಸಂಬಂಧ ಮುರಿಯಲಿ

ಕನ್ನಡದ ಫ್ಯಾಂಟಸಿಗಳಲ್ಲಿ ರಾಜನೂ ಕಳ್ಳನೂ ಹದಿನಾರರ ಹುಡುಗಿಯೂ ಒಂದೇ ಸಂಸ್ಕೃತಮಯ ಧಾಟಿಯಲ್ಲಿ ಮಾತನಾಡುವುದುಂಟು. ಗಾಂಭೀರ್ಯ ಬರಲೆಂದು ಹೀಗೆ ಬರೆಯುತ್ತಾರೆ, ಆದರೆ ಪಾತ್ರಗಳ ಗುರುತೇ ಅಳಿಸಿಹೋಗುತ್ತದೆ. ನಮ್ಮ ಭಾಷೆಯಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬ ಒಂದು ಪಟ್ಟಿ ಮಾಡಿಟ್ಟುಕೊಂಡು, ಸಂಕಟದ ಗಳಿಗೆಯಲ್ಲಿ ಮಾತ್ರ ಅದನ್ನು ಮುರಿಯಿರಿ. ಇಡೀ ಸಂಪುಟದಲ್ಲಿ ಬೈಚಣ್ಣನನ್ನು "ಬುದ್ಧಿಯವರೇ, ತಾವು" ಎನ್ನುತ್ತಿದ್ದ ಮಾಳಮ್ಮ ಕೋಡಿಯ ಮೇಲೆ ನಿಂತು "ನೀನೇ ಬಂದು ಕೀಳು" ಎಂದರೆ ಸಾಕು, ಅವಳ ಕೋಪವನ್ನು ವರ್ಣಿಸಲು ನಿಮಗೆ ಇನ್ನೊಂದು ವಾಕ್ಯ ಬೇಡ. ಪ್ರವಾಹದ ಮರುದಿನ ಹೊನ್ನಿ ಅವಳನ್ನು ಅಕ್ಕ ಎನ್ನದೆ ಊರವರಂತೆ "ನೀರುಗಂಟಿಯವರೇ" ಎಂದು ಕರೆದರೆ, ಆ ಅಧ್ಯಾಯವನ್ನು ಅಲ್ಲಿಯೇ ನಿಲ್ಲಿಸಬಹುದು.

ಕೊನೆಯದಾಗಿ, ಓದಿಸಿ

ಮೊದಲ ಸಂಪುಟದ ಕರಡು ಮುಗಿದ ಮೇಲೆ ಐದಾರು ಜನರಿಗೆ ಕೊಡಿ. ಫ್ಯಾಂಟಸಿ ಓದದ ಹಿರಿಯರು ಒಬ್ಬರಾದರೂ ಅವರಲ್ಲಿರಲಿ. "ಹೇಗಿದೆ" ಎಂದು ಕೇಳಬೇಡಿ, ನಯವಾದ ಉತ್ತರ ಬರುತ್ತದೆ. "ಮಾಳಮ್ಮನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ" ಎಂದು ಒಬ್ಬೊಬ್ಬರನ್ನೇ ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಎರಡನೆಯ ಹೆಜ್ಜೆಗೆ ಹಿಂದಿರುಗಿ ಕೆಲಸ ಮಾಡಬೇಕು. ಉತ್ತರಗಳು ಬೇರೆಯಾದರೆ ಅವರನ್ನೆಲ್ಲ ಒಂದು ಸಂಜೆ ಒಟ್ಟಿಗೆ ಕೂರಿಸಿ ಮಾತಿಗೆ ಬಿಟ್ಟು, ನೀವು ಪಕ್ಕದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳಿ. ಎರಡನೆಯ ಸಂಪುಟಕ್ಕೆ ಬೇಕಾದ ವಾದಗಳು ಅಲ್ಲಿ ಸಿಗುತ್ತವೆ.